ಮೂಲ ಒಂದೇ ಇರಲಿ, ನಕಲು ಯಂತ್ರಕ್ಕಿರಲಿ

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ವಿಜ್ಞಾನದಲ್ಲಿ ನಪಾಸಾದ. ಉತ್ತರಪತ್ರಿಕೆಯಲ್ಲಿದ್ದ 81, ಅಂಕವಹಿಯಲ್ಲಿ 18 ಆಗಿತ್ತು. ನಕಲು ಮಾಡಿದವನು ನಾನೇ. ತಪ್ಪು ಗೊತ್ತಾಗುವಷ್ಟರಲ್ಲಿ ಹುಡುಗ ಎರಡು ದಿನ ಶಾಲೆಗೇ ಬಂದಿರಲಿಲ್ಲ. ಒಂದೇ ಮಾಹಿತಿಯನ್ನು ಎರಡು ಕಡೆ ಕೈಯಿಂದ ಬರೆದರೆ ಇಂಥ ಅಪಾಯ ತಪ್ಪಿದ್ದಲ್ಲ.

ಗಣಕಯಂತ್ರದ ತಂತ್ರಾಂಶ ಬರೆಯುವವರಿಗೂ ಇದೇ ತೊಡಕು. ಉದಾಹರಣೆಗೆ, 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ‘ಗಿಟ್’. ಒಂದು ಪ್ರೋಗ್ರಾಮಿನಲ್ಲಿ ಯಾರು, ಯಾವಾಗ, ಏನು ಬದಲಿಸಿದರೆಂಬ ಲೆಕ್ಕವನ್ನು ಇದು ಇಡುತ್ತದೆ. ಇದರಲ್ಲಿ ನೂರಕ್ಕೂ ಹೆಚ್ಚು ಆದೇಶಗಳಿವೆ. ಸಹಾಯದ ಪಟ್ಟಿಯಲ್ಲೂ ಕೈಪಿಡಿಯಲ್ಲೂ ಅವುಗಳ ಹೆಸರು ಬೇಕು. ಹಾಗೆಂದು ಯಾರೂ ಅವನ್ನು ಎರಡೆರಡು ಸಲ ಬರೆಯುವುದಿಲ್ಲ. ಒಂದು ಸಾದಾ ಪಠ್ಯ ಕಡತವಿದೆ, ಸಾಲಿಗೊಂದು ಆದೇಶ. ಮೊದಲ ಪದ ಆದೇಶದ ಹೆಸರು, ಎರಡನೆಯದು ಅದರ ವರ್ಗ. ಹ್ಯಾಷ್ ಚಿಹ್ನೆಯಿಂದ ಆರಂಭವಾಗುವ ಸಾಲುಗಳು ಮನುಷ್ಯರಿಗಾಗಿ ಬರೆದ ಟಿಪ್ಪಣಿಗಳು. ಪುಟ್ಟ ಸ್ಕ್ರಿಪ್ಟುಗಳು ಈ ಕಡತವನ್ನು ಓದಿ, ಟಿಪ್ಪಣಿಗಳನ್ನು ಬಿಟ್ಟು, ಬೇಕಾದ ಪಟ್ಟಿಗಳನ್ನು ತಾವೇ ತಯಾರಿಸುತ್ತವೆ.

ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಹಳೆಯ ಸಾಧನ ‘ಆಕ್’. 1977ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಆಹೋ, ವೈನ್‌ಬರ್ಗರ್, ಕರ್ನಿಗನ್ ಎಂಬ ಮೂವರು ಇದನ್ನು ರೂಪಿಸಿದರು. ಅವರ ಹೆಸರುಗಳ ಇಂಗ್ಲಿಷ್ ಮೊದಲಕ್ಷರಗಳೇ ಕೂಡಿ ಇದರ ಹೆಸರಾಯಿತು. ಆಕ್ ಒಂದೊಂದೇ ಸಾಲನ್ನು ಓದಿ, ಖಾಲಿ ಜಾಗ ಕಂಡಲ್ಲೆಲ್ಲ ತುಂಡರಿಸುತ್ತದೆ. ಡಾಲರ್ ಚಿಹ್ನೆಯ ಪಕ್ಕ 1 ಬರೆದರೆ ಮೊದಲ ತುಂಡು, 2 ಬರೆದರೆ ಎರಡನೆಯದು, 0 ಬರೆದರೆ ಇಡೀ ಸಾಲು. ‘ಎರಡನೆಯ ತುಂಡು 35ಕ್ಕಿಂತ ಕಡಿಮೆಯಿದ್ದರೆ ಮೊದಲನೆಯದನ್ನು ಮುದ್ರಿಸು’ ಎಂದು ಒಂದೇ ಸಾಲಿನಲ್ಲಿ ಹೇಳಿಬಿಡಬಹುದು.

ಆದರೆ ಒಂದು ಎಚ್ಚರಿಕೆ. ಸ್ಕ್ರಿಪ್ಟಿಗೆ ಅರ್ಥ ತಿಳಿಯದು, ಆಕಾರವಷ್ಟೇ ತಿಳಿಯುತ್ತದೆ. ವಿದ್ಯಾರ್ಥಿಯ ಹೆಸರಿನ ನಡುವೆ ಖಾಲಿ ಜಾಗವಿದ್ದರೆ, ಎರಡನೆಯ ತುಂಡು ಅಂಕವಾಗುವ ಬದಲು ಅವನ ಇನಿಷಿಯಲ್ ಆಗಿಬಿಡುತ್ತದೆ! ಆಗ ಹೆಸರಿಗೂ ಅಂಕಕ್ಕೂ ನಡುವೆ ಅಲ್ಪವಿರಾಮವಿಟ್ಟು, ಅಲ್ಲಿಯೇ ತುಂಡರಿಸಲು ಆಕ್‌ಗೆ ಹೇಳಬೇಕು. ಮೂಲದಲ್ಲೇ 18 ಎಂದಿದ್ದರೆ ಯಾವ ಸ್ಕ್ರಿಪ್ಟೂ ಕಾಪಾಡದು. ಆದರೆ ತಿದ್ದಬೇಕಾದ ಜಾಗ ಒಂದೇ ಇರುತ್ತದೆ.

ವಿದ್ಯಾರ್ಥಿಗಳೇ, ಲಿನಕ್ಸ್ ಗಣಕಯಂತ್ರ ಸಿಕ್ಕರೆ ಮನೆಯ ಖರ್ಚನ್ನು ಒಂದು ಕಡತದಲ್ಲಿ ಬರೆಯಿರಿ: ದಿನಾಂಕ, ಬಾಬತ್ತು, ಮೊತ್ತ. ಹಾಲಿಗೆಷ್ಟು, ತರಕಾರಿಗೆಷ್ಟು ಎಂದು ಆಕ್‌ನಿಂದ ಕೂಡಿಸಿ. ಪಾಲಕರೇ, ಅದೇ ಲೆಕ್ಕವನ್ನು ನೀವು ಕೈಯಲ್ಲಿ ಮಾಡಿ ತಾಳೆ ನೋಡಿ. ಎರಡೂ ಹೊಂದದಿದ್ದರೆ ತಪ್ಪು ಎಲ್ಲಿದೆಯೆಂದು ಕೂಡಿ ಹುಡುಕಿ. ನಾನು ಈಗ ಅಂಕಪಟ್ಟಿಯನ್ನು ಒಮ್ಮೆ ಮಾತ್ರ ಬರೆಯುತ್ತೇನೆ; ಬರೆದದ್ದನ್ನು ಎರಡು ಸಲ ಓದುತ್ತೇನೆ.