ಹಳೆಯ ದೋಣಿ ಎಂಜಿನ್‌ಗಳ ಕಿಡಿ ವ್ಯವಸ್ಥೆ: ಪೋಷಣೆ ಮತ್ತು ಸುಧಾರಣೆ

ಕರ್ನಾಟಕದ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1 ರಿಂದ ಜುಲೈ 31 ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಈ 61 ದಿನಗಳಲ್ಲಿ ಸಮುದ್ರಕ್ಕಿಳಿಯಲು ಅವಕಾಶವಿರುವುದು ಸಾಂಪ್ರದಾಯಿಕ ದೋಣಿಗಳಿಗೆ ಹಾಗೂ 10 ಅಶ್ವಶಕ್ತಿಯವರೆಗಿನ ಎಂಜಿನ್ ಅಳವಡಿಸಿದ ನಾಡದೋಣಿಗಳಿಗೆ ಮಾತ್ರ. ಅಂದರೆ ಕಡಲು ಅತಿ ಪ್ರಕ್ಷುಬ್ಧವಾಗಿರುವ ಕಾಲದಲ್ಲಿಯೇ ಅತಿ ಚಿಕ್ಕ ಎಂಜಿನ್‌ನ ಮೇಲೆ ಅತಿ ಹೆಚ್ಚಿನ ಭಾರ ಬೀಳುತ್ತದೆ. ಗಂಗೊಳ್ಳಿ, ಹೊನ್ನಾವರಗಳಂತಹ ಅಳಿವೆಗಳಲ್ಲಿ ಮರಳ ದಿಬ್ಬದ ಮೇಲೆ ಅಲೆ ಒಡೆಯುವ ಜಾಗವನ್ನು ದಾಟುವ ಆ ಕೆಲವು ನಿಮಿಷ ಎಂಜಿನ್ ನಿಂತರೆ, ದೋಣಿ ಅಲೆಗೆ ಅಡ್ಡ ತಿರುಗಿ ಮಗುಚುವ ಸಂಭವವಿದೆ. ಹೀಗೆ ನಿಲ್ಲುವ ಹಳೆಯ ಎಂಜಿನ್‌ಗಳಲ್ಲಿ ದೋಷವು ಅನೇಕ ಸಲ ಸೀಮೆಎಣ್ಣೆಯಲ್ಲಿರುವುದಿಲ್ಲ, ಪಿಸ್ಟನ್‌ನಲ್ಲಿಯೂ ಇರುವುದಿಲ್ಲ. ಕಿಡಿ ಕೊಡುವ ವ್ಯವಸ್ಥೆಯಲ್ಲಿರುತ್ತದೆ.

ಒಳನಾಡಿನ ರೈತರಿಗೂ ಈ ವಿಷಯ ಹೊರತಲ್ಲ. ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುವ ಹಳೆಯ ಪಂಪ್‌ಸೆಟ್‌ಗಳಲ್ಲಿಯೂ ಇದೇ ಮ್ಯಾಗ್ನೆಟೊ ಇರುತ್ತದೆ.

ಕಿಡಿ ಹುಟ್ಟುವ ಬಗೆ

ಇಂತಹ ಎಂಜಿನ್‌ಗೆ ಬ್ಯಾಟರಿ ಬೇಕಿಲ್ಲ. ಫ್ಲೈವೀಲ್‌ನ ಒಳಮೈಯಲ್ಲಿ ಅಯಸ್ಕಾಂತಗಳನ್ನು ಕೂರಿಸಲಾಗಿರುತ್ತದೆ. ಹಗ್ಗ ಎಳೆದಾಗ ಫ್ಲೈವೀಲ್ ತಿರುಗಿ, ಅದರ ಕೆಳಗಿನ ಕಾಯಿಲ್‌ನಲ್ಲಿ ವಿದ್ಯುತ್ ಹುಟ್ಟುತ್ತದೆ. ಕಾಯಿಲ್‌ನಲ್ಲಿ ದಪ್ಪ ತಂತಿಯ ಕೆಲವು ನೂರು ಸುತ್ತುಗಳೂ, ಅದರ ಮೇಲೆ ಕೂದಲಿನಷ್ಟು ತೆಳುವಾದ ತಂತಿಯ ಹಲವು ಸಾವಿರ ಸುತ್ತುಗಳೂ ಇರುತ್ತವೆ. ದಪ್ಪ ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಕಾಂಟ್ಯಾಕ್ಟ್ ಪಾಯಿಂಟ್ ತಟ್ಟನೆ ಕಡಿದಾಗ, ತೆಳು ತಂತಿಯಲ್ಲಿ ಸಾವಿರಾರು ವೋಲ್ಟ್ ಒತ್ತಡ ಏರಿ ಪ್ಲಗ್‌ನ ತುದಿಯಲ್ಲಿ ಕಿಡಿ ಹಾರುತ್ತದೆ. ಹೆಚ್ಚು ವೋಲ್ಟ್ ಕೊಡುವ ಈ ಬಗೆಯ ಮ್ಯಾಗ್ನೆಟೊವನ್ನು ಜರ್ಮನಿಯ ಬಾಷ್ ಸಂಸ್ಥೆಯಲ್ಲಿ ಗಾಟ್‌ಲೋಬ್ ಹೊನೋಲ್ಡ್ 1902 ರಲ್ಲಿ ಸಿದ್ಧಪಡಿಸಿದರು.

ಪಾಯಿಂಟ್ ಬಿಡುವಾಗ ಅದರ ನಡುವೆಯೇ ಕಿಡಿ ಹಾರಿ ಶಕ್ತಿ ಪೋಲಾಗದಂತೆ ತಡೆಯುವುದು ಕಂಡೆನ್ಸರ್‌ನ ಕೆಲಸ. ಎರಡು ಸ್ಟ್ರೋಕಿನ ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗಿದರೆ ಪಾಯಿಂಟ್ 5000 ಸಲ ತೆರೆದು ಮುಚ್ಚಬೇಕು. ಗಂಟೆಗೆ 3 ಲಕ್ಷ ಸಲವಾಯಿತು. ಇಷ್ಟು ದುಡಿಯುವ ಭಾಗಕ್ಕೆ ವರ್ಷಕ್ಕೊಮ್ಮೆಯೂ ಕೈ ಹಚ್ಚದವರೇ ಹೆಚ್ಚು.

ದೋಷ ಎಲ್ಲಿದೆ?

ಮೊದಲು ಪ್ಲಗ್ ಬಿಚ್ಚಿ ನೋಡಬೇಕು. ತುದಿ ಕಂದು ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಕಪ್ಪಗೆ ಒದ್ದೆಯಾಗಿದ್ದರೆ ಕಿಡಿ ದುರ್ಬಲವಾಗಿರಬಹುದು, ಎಣ್ಣೆಯ ಪ್ರಮಾಣ ಹೆಚ್ಚಾಗಿರಬಹುದು ಅಥವಾ ಎಂಜಿನ್ ಕಾಯುವ ಮೊದಲೇ ಸೀಮೆಎಣ್ಣೆಗೆ ತಿರುಗಿಸಿರಬಹುದು. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತಿದೆ ಎಂದು ತಿಳಿಯಬೇಕು.

ನಂತರ ಪ್ಲಗ್‌ನ ಲೋಹದ ಮೈಯನ್ನು ಎಂಜಿನ್‌ಗೆ ತಾಗಿಸಿ ಹಗ್ಗ ಎಳೆಯಬೇಕು. ಚಟ್ ಎಂದು ಸದ್ದು ಮಾಡುವ ನೀಲಿ ಕಿಡಿ ಬರಬೇಕು. ಹಳದಿ ಅಥವಾ ಕೆಂಪು ಕಿಡಿ ಸಾಲದು. ಪೆಟ್ರೋಲ್ ಚೆಲ್ಲಿದ ಕಡೆ ಈ ಪರೀಕ್ಷೆ ಬೇಡ. ಕಿಡಿಯೇ ಇಲ್ಲವಾದರೆ ಕಾಯಿಲ್ ಬದಲಿಸಲು ಓಡುವ ಮೊದಲು, ಎಂಜಿನ್ ನಿಲ್ಲಿಸುವ ಗುಂಡಿಯ ವೈರ್ ಅನ್ನು ಕಳಚಿ ಇನ್ನೊಮ್ಮೆ ಎಳೆದು ನೋಡಬೇಕು. ಈ ಗುಂಡಿ ಒತ್ತಿದಾಗ ಕಾಯಿಲ್‌ನ ವಿದ್ಯುತ್ತು ಎಂಜಿನ್‌ನ ಮೈಗೆ ಇಳಿದು ಕಿಡಿ ನಿಲ್ಲುತ್ತದೆ. ವೈರ್‌ನ ಹೊದಿಕೆ ಸವೆದು ಎಲ್ಲಾದರೂ ಲೋಹಕ್ಕೆ ತಾಗಿದರೆ ಗುಂಡಿ ಒತ್ತದೆಯೇ ಅದೇ ಆಗುತ್ತದೆ. ಕಾಯಿಲ್‌ಗೆ ದುಡ್ಡು ಸುರಿದ ಮೇಲೆ ಈ ಚಿಕ್ಕ ವೈರ್‌ನ ದೋಷ ಸಿಕ್ಕುವುದುಂಟು.

ತಣ್ಣಗಿದ್ದಾಗ ಚೆನ್ನಾಗಿ ಚಾಲೂ ಆಗಿ, ಅರ್ಧ ಗಂಟೆ ಓಡಿ, ಬಿಸಿಯಾದ ಮೇಲೆ ನಿಂತು, ಆರಿದ ಬಳಿಕ ಮತ್ತೆ ಚಾಲೂ ಆಗುವ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಕಂಡೆನ್ಸರ್ ಅಥವಾ ಕಾಯಿಲ್ ಒಳಗೇ ಕೆಟ್ಟಿರುತ್ತದೆ. ದಡದಲ್ಲಿ ಸರಿಯಾಗಿ ಓಡುವ ಇಂತಹ ಎಂಜಿನ್ ನಂಬಿ ಕಡಲಿಗೆ ಹೋಗಬಾರದು. ಪ್ಲಗ್‌ನ ದಪ್ಪ ವೈರ್ ಬಿರುಕು ಬಿಟ್ಟಿದೆಯೇ ಎಂದು ತಿಳಿಯಲು ಕತ್ತಲಲ್ಲಿ ಎಂಜಿನ್ ಓಡಿಸಿ ನೋಡುವುದು ಸುಲಭ ಉಪಾಯ. ಸೋರುವ ಕಿಡಿ ಕಣ್ಣಿಗೇ ಕಾಣುತ್ತದೆ.

ಫ್ಲೈವೀಲ್ ಬಿಚ್ಚುವಾಗ

ಪಾಯಿಂಟ್ ಇರುವುದು ಫ್ಲೈವೀಲ್‌ನ ಕೆಳಗೆ. ಕೆಲವು ಎಂಜಿನ್‌ಗಳ ಫ್ಲೈವೀಲ್‌ನಲ್ಲಿ ಕಿಟಕಿಯಿದ್ದು, ಅದರ ಮೂಲಕವೇ ಪಾಯಿಂಟ್ ಹೊಂದಿಸಬಹುದು. ಉಳಿದವುಗಳಲ್ಲಿ ಬಿಚ್ಚಲೇಬೇಕು. ಅದಕ್ಕೆ ತಕ್ಕ ಪುಲ್ಲರ್ ಇಲ್ಲದೆ ಸುತ್ತಿಗೆಯಿಂದ ಬಡಿಯುವ ರೂಢಿ ಬಲು ಕೆಟ್ಟದ್ದು. ಬಡಿತಕ್ಕೆ ಅಯಸ್ಕಾಂತ ಸಡಿಲಾಗುತ್ತದೆ ಇಲ್ಲವೆ ಬಲಗುಂದುತ್ತದೆ, ಕ್ರ್ಯಾಂಕ್‌ನ ಬೇರಿಂಗ್ ಪೆಟ್ಟು ತಿನ್ನುತ್ತದೆ. ಮರಳಿ ಜೋಡಿಸುವಾಗ ಕ್ರ್ಯಾಂಕ್‌ನ ಓರೆ ಭಾಗವನ್ನು ಎಣ್ಣೆ ಜಿಡ್ಡಿಲ್ಲದಂತೆ ಒರೆಸಿ, ಅರ್ಧಚಂದ್ರಾಕಾರದ ಕೀ ಸವೆದಿದ್ದರೆ ಹೊಸದನ್ನು ಹಾಕಿ, ನಟ್ಟನ್ನು ತಯಾರಕರು ಹೇಳಿದಷ್ಟು ಬಿಗಿ ಮಾಡಬೇಕು. ನಟ್ ಸಡಿಲವಾದರೆ ಕೀ ಕತ್ತರಿಸಿ ಕಿಡಿಯ ಸಮಯವೇ ತಪ್ಪುತ್ತದೆ.

ಪಾಯಿಂಟ್‌ನ ಆರೈಕೆ

ಪಾಯಿಂಟ್‌ನ ಮುಖದಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ದಿಬ್ಬ ಎದ್ದಿದ್ದರೆ ಕಂಡೆನ್ಸರ್ ಮೇಲೆ ಸಂಶಯಪಡಬೇಕು. ಸ್ವಲ್ಪವೇ ಕರಿಕಾಗಿದ್ದರೆ ನುಣುಪಾದ ಸಾಣೆಕಲ್ಲಿನಿಂದ ಅಥವಾ ಸಣ್ಣ ಅರದಿಂದ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕೊನೆಗೆ ಒಣ ದಪ್ಪ ಕಾಗದವನ್ನು ನಡುವೆ ಎಳೆಯಬೇಕು. ಎಮರಿ ಕಾಗದ ಬಳಸಬಾರದು. ಅದರ ಪುಡಿ ಲೋಹದಲ್ಲಿ ಕಚ್ಚಿಕೊಂಡು ವಿದ್ಯುತ್ ಹರಿಯಲು ಅಡ್ಡಿಯಾಗುತ್ತದೆ. ಕ್ಯಾಮ್ ಒರೆಸುವ ಫೆಲ್ಟ್‌ಗೆ ಒಂದು ಹನಿ ಎಣ್ಣೆ ಸಾಕು. ಹೆಚ್ಚಾದದ್ದು ಪಾಯಿಂಟ್‌ಗೇ ಸಿಡಿಯುತ್ತದೆ.

ಪಾಯಿಂಟ್ ಪೂರ್ತಿ ತೆರೆದಿರುವಾಗ ಫೀಲರ್ ಗೇಜ್‌ನಿಂದ ಅಂತರ ನೋಡಬೇಕು. ಅನೇಕ ಚಿಕ್ಕ ಎಂಜಿನ್‌ಗಳಿಗೆ ಇದು 0.35 ರಿಂದ 0.40 ಮಿ.ಮೀ.; ಕೆಲವು ಹಳೆಯ ಅಮೆರಿಕನ್ ಮತ್ತು ಇಂಗ್ಲಿಷ್ ಎಂಜಿನ್‌ಗಳಿಗೆ 0.50 ಮಿ.ಮೀ. ಆದುದರಿಂದ ಆಯಾ ಎಂಜಿನ್‌ನ ಪುಸ್ತಕವನ್ನೇ ಅನುಸರಿಸತಕ್ಕದ್ದು. ಅಂತರ ಹೆಚ್ಚಾದರೆ ಪಾಯಿಂಟ್ ಬೇಗ ತೆರೆದು ಕಿಡಿ ಮುಂಚಿತವಾಗಿ ಬರುತ್ತದೆ, ಕಡಿಮೆಯಾದರೆ ತಡವಾಗುತ್ತದೆ. ಪಾಯಿಂಟ್‌ನ ಹಿಮ್ಮಡಿ ಸವೆದಂತೆ ಅಂತರ ತಾನಾಗಿಯೇ ಕುಗ್ಗುವುದರಿಂದ, ಹಳೆಯ ಎಂಜಿನ್ ದಿನೇ ದಿನೇ ಬಲ ಕಳೆದುಕೊಂಡಂತೆ ತೋರುತ್ತದೆ. ವೇಗ ಹೆಚ್ಚಲೆಂದು ಕಿಡಿಯನ್ನು ಬೇಕೆಂದೇ ಮುಂದೂಡಿ ಬೇಗ ಬರುವಂತೆ ಮಾಡುವವರೂ ಇದ್ದಾರೆ. ಸೀಮೆಎಣ್ಣೆ ಪೆಟ್ರೋಲಿಗಿಂತ ಸುಲಭವಾಗಿ ಬಡಿತ ಕೊಡುವ ಇಂಧನ; ಹೀಗೆ ಮಾಡಿದರೆ ಪಿಸ್ಟನ್‌ನ ನೆತ್ತಿಯೇ ತೂತಾಗಬಹುದು.

ಉಪ್ಪು ನೀರು

ದಡಕ್ಕೆ ಬಂದ ಕೂಡಲೆ ಎಂಜಿನ್‌ನ ತಂಪು ನೀರಿನ ಹಾದಿಯಲ್ಲಿ ಸಿಹಿನೀರು ಹರಿಸಬೇಕು. ಆದರೆ ಮುಚ್ಚಳ ತೆಗೆದು ಪೈಪಿನಿಂದ ನೀರು ಹಾಯಿಸಬಾರದು. ಹಸಿ ಬಟ್ಟೆಯಿಂದ ಉಪ್ಪು ಒರೆಸಿ, ನೆರಳಿನಲ್ಲಿ ಗಾಳಿಗಿಡಬೇಕು. ವೈರ್‌ನ ತುದಿಗಳಲ್ಲಿ ಹಸಿರು ಕಿಲುಬು ಕಂಡರೆ ಕೆರೆದು ತೆಗೆದು, ಜೋಡಿಸಿದ ಮೇಲೆ ತೆಳುವಾಗಿ ಗ್ರೀಸ್ ಸವರಬೇಕು.

ಎಂಜಿನ್ ಕಡಲಿಗೆ ಬಿದ್ದಿದ್ದರೆ ಮಾತ್ರ ಬೇರೆ ಕ್ರಮ. ಅಂದೇ ಮ್ಯಾಗ್ನೆಟೊ ಸಮೇತ ಸಿಹಿನೀರಿನಲ್ಲಿ ತೊಳೆದು, ಪ್ಲಗ್ ತೆಗೆದು ಹಗ್ಗ ಎಳೆದು ನೀರು ಹೊರಹಾಕಿ, ಸಿಲಿಂಡರ್‌ಗೆ ಎಣ್ಣೆ ಬಿಡಬೇಕು. ಕಾಯಿಲನ್ನು ಒಲೆಯ ಮೇಲಿಟ್ಟು ಒಣಗಿಸಿದರೆ ಅದರ ಹೊದಿಕೆ ಸುಡುತ್ತದೆ; ಬೆಚ್ಚನೆಯ ಗಾಳಿ ಸಾಕು.

ಎಲೆಕ್ಟ್ರಾನಿಕ್ ಪದ್ಧತಿಗೆ ಬದಲಾವಣೆ

ಪಾಯಿಂಟ್, ಕಂಡೆನ್ಸರ್‌ಗಳ ಅಸಲಿ ಬಿಡಿಭಾಗ ಸಿಗುವವರೆಗೆ ಹಳೆಯ ಪದ್ಧತಿಯನ್ನು ಕೈಬಿಡಲು ಅವಸರವಿಲ್ಲ. ಸಿಗದಾದಾಗ ಎರಡು ಹಾದಿಗಳಿವೆ. ಮೊದಲನೆಯದು, ಪಾಯಿಂಟ್ ಮತ್ತು ಕಂಡೆನ್ಸರ್‌ಗಳ ಬದಲು ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಟ್ರಾನ್ಸಿಸ್ಟರ್ ಘಟಕವೊಂದನ್ನು ಹಳೆಯ ಕಾಯಿಲ್‌ಗೇ ಜೋಡಿಸುವುದು. ಖರ್ಚು ಕಡಿಮೆ. ಆದರೆ ಇಲ್ಲಿ ಕಿಡಿಯ ಕ್ಷಣವನ್ನು ನಿರ್ಧರಿಸುವುದು ಕ್ಯಾಮ್ ಅಲ್ಲ, ಅಯಸ್ಕಾಂತ. ಆದ್ದರಿಂದ ಸಮಯ ಸ್ವಲ್ಪ ಬದಲಾಗಬಹುದು, ಎಲ್ಲ ಫ್ಲೈವೀಲ್‌ಗಳಿಗೂ ಈ ಘಟಕ ಒಗ್ಗುವುದಿಲ್ಲ. ಜೋಡಿಸಿದ ಬಳಿಕ ಟೈಮಿಂಗ್ ಲೈಟ್ ಹಿಡಿದು ಪರೀಕ್ಷಿಸದೆ ಕಡಲಿಗೆ ಒಯ್ಯಬಾರದು.

ಎರಡನೆಯದು ಸಿಡಿಐ. ಇದರಲ್ಲಿ ಚಾರ್ಜಿಂಗ್ ಕಾಯಿಲ್ ಕೊಡುವ ಕೆಲವು ನೂರು ವೋಲ್ಟ್‌ಗಳನ್ನು ಕೆಪಾಸಿಟರ್ ತುಂಬಿಟ್ಟುಕೊಂಡು, ತಕ್ಕ ಕ್ಷಣದಲ್ಲಿ ಒಮ್ಮೆಗೇ ಕಿಡಿ ಕಾಯಿಲ್‌ಗೆ ಬಿಡುತ್ತದೆ. ಒತ್ತಡ ಅತಿ ವೇಗವಾಗಿ ಏರುವುದರಿಂದ ಮಸಿ ಹಿಡಿದ ಪ್ಲಗ್ ಕೂಡ ಕಿಡಿ ಕೊಡುತ್ತದೆ. ಸೀಮೆಎಣ್ಣೆ ಎಂಜಿನ್‌ಗೆ ಇದೊಂದೇ ಗುಣ ಸಾಕು. ಸವೆಯುವ ಪಾಯಿಂಟ್ ಇಲ್ಲದ್ದರಿಂದ ಸಮಯವೂ ಕದಲುವುದಿಲ್ಲ. ಅದೇ ತಯಾರಕರ ಮುಂದಿನ ಮಾದರಿಯ ಫ್ಲೈವೀಲ್, ಕಾಯಿಲ್ ತಟ್ಟೆ ಮತ್ತು ಸಿಡಿಐ ಘಟಕವನ್ನು ಒಂದೇ ಸೆಟ್ ಆಗಿ ಕೊಳ್ಳಬೇಕು. ಒಂದರ ಫ್ಲೈವೀಲ್, ಇನ್ನೊಂದರ ತಟ್ಟೆ ಸೇರಿಸಿದರೆ ಫಲವಿಲ್ಲ. ಪ್ಲಗ್ ಕ್ಯಾಪ್ ಗಾಳಿಯಲ್ಲಿ ತೂಗಾಡುವಂತೆ ಬಿಟ್ಟು ಹಗ್ಗ ಎಳೆದರೆ ಸಿಡಿಐ ಸುಟ್ಟು ಹೋಗಬಹುದು. ಪರೀಕ್ಷೆಯಲ್ಲಿ ಪ್ಲಗ್ ಸದಾ ಎಂಜಿನ್‌ನ ಮೈಗೆ ತಾಗಿರಬೇಕು.

ಪಾಯಿಂಟ್ ಕೆಡುವ ಮೊದಲು ಸೂಚನೆ ಕೊಡುತ್ತದೆ, ಸಿಡಿಐ ಕೊಡುವುದಿಲ್ಲ. ಆದುದರಿಂದ ಬದಲಾಯಿಸಿದವರು ಹೆಚ್ಚುವರಿ ಘಟಕವೊಂದನ್ನು ನೀರು ಹೋಗದ ಡಬ್ಬಿಯಲ್ಲಿ, ಎರಡು ಪ್ಲಗ್, ಪ್ಲಗ್ ಪಾನಾ ಮತ್ತು ಹಗ್ಗದೊಡನೆ ದೋಣಿಯಲ್ಲಿಯೇ ಇಡಬೇಕು. ಹಳೆಯ ತಟ್ಟೆಯನ್ನೂ ಗುಜರಿಗೆ ಹಾಕದೆ ಎಣ್ಣೆ ಸವರಿ ಮನೆಯಲ್ಲಿ ಇರಿಸಿಕೊಳ್ಳುವುದು ಒಳ್ಳೆಯದು. ಇದೇ ಸಂದರ್ಭದಲ್ಲಿ, ಚಾಲಕನ ಮಣಿಕಟ್ಟಿಗೆ ಕಟ್ಟುವ ದಾರವಿರುವ ನಿಲುಗುಂಡಿಯನ್ನೂ ಹಾಕಿಸಬೇಕು. ಆತ ನೀರಿಗೆ ಬಿದ್ದರೆ ದಾರ ಕಳಚಿ ಎಂಜಿನ್ ಕೂಡಲೆ ನಿಲ್ಲುತ್ತದೆ. ದೋಣಿ ಅವನನ್ನು ಬಿಟ್ಟು ಮುಂದೆ ಹೋಗುವುದಿಲ್ಲ.