ಸಿಂಗಳೀಕದ ಊಟದ ಪಂಚಾಂಗ



ಭಟ್ಕಳ, ಹೊನ್ನಾವರ, ಕುಮಟಾ ಎಂದೊಡನೆ ನೆನಪಾಗುವುದು ಕಡಲು, ದೋಣಿ, ತೆಂಗಿನ ತೋಟ. ಆದರೆ ಈ ತಾಲ್ಲೂಕುಗಳ ಪೂರ್ವಕ್ಕೆ ಘಟ್ಟ ಎದ್ದು ನಿಂತಿದೆ. ಅಲ್ಲಿನ ನಿತ್ಯಹರಿದ್ವರ್ಣ ಕಾಡಿನಲ್ಲಿ, ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಕಾಣಸಿಗದ ಪ್ರಾಣಿಯೊಂದಿದೆ. ಅದೇ ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಸಿಂಹದ ಬಾಲದಂತೆ ತುದಿಯಲ್ಲಿ ಕುಚ್ಚು ಇದರ ಗುರುತು. ವಿಜ್ಞಾನಿಗಳು ಇದನ್ನು 'ಮಕಾಕ ಸೈಲೆನಸ್' ಎನ್ನುತ್ತಾರೆ.

ನಮ್ಮ ಊರಿನ ಮಂಗ ರಸ್ತೆ ಬದಿಯಲ್ಲಿಯೂ ಬದುಕಬಲ್ಲದು. ಸಿಂಗಳೀಕಕ್ಕೆ ಅದು ಕಷ್ಟ. ಅದು ಹೆಚ್ಚಾಗಿ ನೆಲಕ್ಕಿಳಿಯದೆ ಮರದಿಂದ ಮರಕ್ಕೆ ಸಾಗುತ್ತದೆ. ಆದ್ದರಿಂದ ಕಾಡಿನ ಮೇಲ್ಛಾವಣಿ ಮುರಿಯದೆ ಕೂಡಿಕೊಂಡಿರಬೇಕು. ವರ್ಷವಿಡೀ ಯಾವುದಾದರೊಂದು ಮರದಲ್ಲಿ ಆಹಾರ ಸಿಗುತ್ತಿರಬೇಕು.

ಯಾವ ಕಾಲಕ್ಕೆ ಯಾವ ಊಟ?

ಬೇಸಿಗೆಯ ಕೊನೆಗೆ ಹೆಬ್ಬಲಸು ಹಣ್ಣಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯ ನಡುವೆ ಉಪ್ಪಾಗೆ ಹಣ್ಣಾಗುತ್ತದೆ. ಹಣ್ಣು ವಿರಳವಾದಾಗ ಹೂವು, ಎಳೆಚಿಗುರು, ಬೀಜಗಳೇ ಆಧಾರ. ಆಲ, ಅತ್ತಿ ಜಾತಿಯ ಮರಗಳೆಲ್ಲ ಒಂದೇ ಕಾಲಕ್ಕೆ ಫಲ ಬಿಡುವುದಿಲ್ಲ. ಒಂದು ಮುಗಿಯುವಾಗ ಮತ್ತೊಂದು ಆರಂಭಿಸುತ್ತದೆ. ಆದುದರಿಂದ ಅವು ಕಷ್ಟಕಾಲದ ಕಣಜವಿದ್ದಂತೆ. ತೊಗಟೆ, ಒಣ ಎಲೆಗಳನ್ನು ಕೆದಕಿ ಕೀಟ, ಜೇಡ, ಬಸವನಹುಳುಗಳನ್ನೂ ಸಿಂಗಳೀಕ ಹಿಡಿದು ತಿನ್ನುತ್ತದೆ.

ಕೆನ್ನೆಯ ಚೀಲದಲ್ಲಿ ಹಣ್ಣು ತುಂಬಿಕೊಂಡು ದೂರ ಹೋಗಿ ಬೀಜ ಉಗುಳುವ ಈ ಪ್ರಾಣಿ, ತಿಂದ ಋಣವನ್ನು ಕಾಡಿಗೆ ತೀರಿಸುತ್ತದೆ.

ಪೈಪೋಟಿ ಎಲ್ಲಿ?

ಉಪ್ಪಾಗೆ ಮನುಷ್ಯನಿಗೂ ಬೇಕು. ಅದರ ಒಣಸಿಪ್ಪೆಯಿಂದ ತೆಗೆಯುವ ಆಮ್ಲಕ್ಕೆ, ತೂಕ ಇಳಿಸುವ ಔಷಧಿಯ ಹೆಸರಿನಲ್ಲಿ 1990ರ ದಶಕದಿಂದ ವಿದೇಶಗಳಲ್ಲಿ ಬೇಡಿಕೆ ಬಂತು. ಹಣ್ಣಾಗುವ ಮೊದಲೇ ಕೊಯ್ದರೆ, ಕೊಂಬೆಯನ್ನೇ ಕಡಿದರೆ, ಸಿಂಗಳೀಕದ ಮಳೆಗಾಲದ ತುತ್ತಿಗೆ ಕೊಡಲಿ ಬೀಳುತ್ತದೆ. ಮಳೆಯಲ್ಲಿ ಸಿಪ್ಪೆ ಒಣಗಿಸಲು ಬೇಕಾಗುವ ಸೌದೆಯೂ ಕಾಡಿನದೇ. ಆದರೆ ಉಪ್ಪಾಗೆ ಎಷ್ಟೋ ಬಡ ಕುಟುಂಬಗಳ ಆದಾಯವೂ ಹೌದು. ಆದಕಾರಣ ಕೊಯ್ಲು ಬೇಡವೆನ್ನುವುದಕ್ಕಿಂತ, ಮಾಗಿದ ಹಣ್ಣನ್ನಷ್ಟೇ ಆರಿಸಿ, ಮರದಲ್ಲಿ ಒಂದು ಪಾಲು ಉಳಿಸುವುದೇ ಸರಿಯಾದ ದಾರಿ.

ಕಾಡಿನಲ್ಲಿ ಪ್ರೌಢ ಸಿಂಗಳೀಕಗಳು ಸುಮಾರು 2500 ಮಾತ್ರ ಉಳಿದಿವೆಯೆಂದು ಅಂದಾಜು. ಹೆಣ್ಣು ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಮುಂದಿನ ಮರಿಗೆ ವರ್ಷಗಳೇ ಹಿಡಿಯುತ್ತವೆ. ಹೀಗಾಗಿ ಆದ ನಷ್ಟ ಬೇಗ ತುಂಬುವುದಿಲ್ಲ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯದೊಡನೆ ಸೇರಿಸಿ, 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯವನ್ನು ರಚಿಸಲಾಯಿತು.

ನಕ್ಷೆಯಲ್ಲಿ ಗೆರೆ ಎಳೆದ ಮಾತ್ರಕ್ಕೆ ಊಟ ಸಿಗುವುದಿಲ್ಲ. ನಿಮ್ಮ ಊರಿನ ಕಾಡಿನಲ್ಲಿ ಯಾವ ಮರ ಯಾವ ತಿಂಗಳು ಹೂ ಬಿಡುತ್ತದೆ, ಯಾವಾಗ ಹಣ್ಣಾಗುತ್ತದೆ? ಒಂದು ವರ್ಷ ಬರೆದಿಟ್ಟು ನೋಡಿ. ಯಾವ ತಿಂಗಳು ಖಾಲಿ ಉಳಿಯುತ್ತದೆಯೋ, ಆ ತಿಂಗಳು ಫಲ ಕೊಡುವ ಮರವನ್ನೇ ಮೊದಲು ಉಳಿಸಬೇಕು.