ಐವತ್ತು ಮೀಟರ್ ಆಚೆಯ ತೆಂಗಿನಕಾಯಿ

ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ಕೊಡಗಿನ ಗದ್ದೆಗಳಲ್ಲಿ ನಾಟಿ ಮುಗಿದಿರುತ್ತದೆ. ಬೇಸಾಯದ ದಿನಗಳಲ್ಲಿ ದೇವರ ಬಳಿ ಇಟ್ಟಿದ್ದ ಆಯುಧಗಳನ್ನು ಮತ್ತೆ ಕೈಗೆತ್ತಿಕೊಳ್ಳುವ ಹಬ್ಬ ಕೈಲ್‌ಪೊಳ್ದ್. ದೀಪದ ಮುಂದೆ ಒಡಿಕತ್ತಿ, ಪೀಚೆಕತ್ತಿಗಳ ಪಕ್ಕದಲ್ಲಿ ಕೋವಿ. ಅದರ ನಳಿಗೆಯ ತುದಿಗೆ ಬೆಂಕಿಯ ನಾಲಗೆಯಂಥ ಕೆಂಪು, ಹಳದಿ ಎಸಳಿನ ಹೂವು. ನಾವು ಅಗ್ನಿಶಿಖೆ ಎನ್ನುವ ಆ ಹೂವಿಗೆ ಕೊಡವ ತಕ್ಕಿನಲ್ಲಿ ‘ತೋಕ್ ಪೂ’ ಎಂದು ಹೆಸರು. ತೋಕ್ ಎಂದರೆ ಕೋವಿ.

ಪೂಜೆ ಮುಗಿದು, ಕಡಂಬುಟ್ಟು ಪಂದಿಕರಿಯ ಊಟವಾದ ಮೇಲೆ ಊರವರೆಲ್ಲ ಮೈದಾನಕ್ಕೆ ಬರುತ್ತಾರೆ. ಅಲ್ಲಿ ‘ತೆಂಗೆ ಬೊಡಿ’, ಅಂದರೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹಿಂದೆ ಎತ್ತರದ ಮರದ ತುದಿಗೆ ಕಾಯಿ ಕಟ್ಟುತ್ತಿದ್ದರು. ಈಗಿನ ಪಂದ್ಯಗಳಲ್ಲಿ ಪಾಯಿಂಟ್ ಟೂ ಟೂ ರೈಫಲ್ಲಿಗೆ ಸಾಮಾನ್ಯವಾಗಿ 50 ಮೀಟರ್ ದೂರ. ಗುರಿಕಾರರ ಪಕ್ಕದಲ್ಲಿ ನಿಂತು ಕಿವಿಗೊಟ್ಟರೆ ಎರಡು ಸದ್ದು ಕೇಳುತ್ತವೆ. ಮೊದಲನೆಯದು ಈಡಿನ ಸದ್ದು. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಬಳಿಕ ಕಾಯಿ ಒಡೆದ ‘ಠಕ್’. ಎರಡನೆಯ ಸದ್ದು ಬರದಿದ್ದರೆ ಗುರಿ ತಪ್ಪಿತು ಎಂದೇ ಅರ್ಥ.

ಕೋವಿಗಳ ಕುರಿತು ನನಗೆ ಮೊದಲಿಂದಲೂ ತೀರದ ಆಸೆ. ಯಾವ ಕೋವಿ ಕಂಡರೂ ಅದರ ನಳಿಗೆ ಎಷ್ಟುದ್ದ, ಕುದುರೆ (ಟ್ರಿಗರ್) ಎಷ್ಟು ಹಗುರ, ಹಿಡಿ ಭುಜಕ್ಕೆ ಹೇಗೆ ಕೂರುತ್ತದೆ ಎಂದು ನೋಡದೆ ಮನಸ್ಸು ತಡೆಯುವುದಿಲ್ಲ. ನೋಡುತ್ತ ನೋಡುತ್ತ ನನಗೆ ಮನದಟ್ಟಾದ ಮಾತು ಒಂದೇ: ಕೋವಿ ನಮ್ಮ ಸಣ್ಣದನ್ನು ದೊಡ್ಡದು ಮಾಡುವ ಯಂತ್ರ. ಬೆರಳಿನ ಸಣ್ಣ ಎಳೆತವನ್ನು ಅದು ಕಾಯಿ ಒಡೆಯುವ ಬಲವಾಗಿಸುತ್ತದೆ. ಕೈಯ ಸಣ್ಣ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಹಿಗ್ಗಿಸುತ್ತದೆ.

ಎಷ್ಟು ಹಿಗ್ಗಿಸುತ್ತದೆ ಎಂದು ಲೆಕ್ಕ ಹಾಕೋಣ. ಸಿಪ್ಪೆ ಸುಲಿದ ತೆಂಗಿನಕಾಯಿಯ ಅಗಲ ಸುಮಾರು 10 ಸೆಂಟಿಮೀಟರ್. ನಡುಬಿಂದುವಿನಿಂದ 5 ಸೆಂಟಿಮೀಟರ್ ಸರಿದರೆ ಗುಂಡು ಹೊರಗೆ. ರೈಫಲ್ಲಿನ ಹಿಂದಿನ ಸೀಳಿಗೂ ನಳಿಗೆಯ ತುದಿಯ ಗುರಿಮಣಿಗೂ ನಡುವೆ 60 ಸೆಂಟಿಮೀಟರ್ ಅಂತರ ಇದೆ ಎಂದುಕೊಳ್ಳಿ. 50 ಮೀಟರ್ ಎಂದರೆ ಅದರ 83 ಪಟ್ಟು. ಹಾಗಾಗಿ ಮಣಿ ಪಕ್ಕಕ್ಕೆ ಬರೀ 0.6 ಮಿಲಿಮೀಟರ್ ಸರಿದರೂ ಸಾಕು, ಅಲ್ಲಿ ಗುಂಡು 5 ಸೆಂಟಿಮೀಟರ್ ಆಚೆ ಹೋಗುತ್ತದೆ. ಒಂದು ಉಸಿರಿಗೆ ಎದೆ ಏರಿಳಿಯುವುದು ಇದಕ್ಕಿಂತ ಎಷ್ಟೋ ಹೆಚ್ಚು. ಗುರಿಕಾರರು ಉಸಿರನ್ನು ಅರ್ಧ ಬಿಟ್ಟು, ಅಲ್ಲೇ ತಡೆದು, ಕುದುರೆಯನ್ನು ಜಗ್ಗದೆ ಮೆಲ್ಲಗೆ ಒತ್ತುವುದು ಈ ಅರ್ಧ ಮಿಲಿಮೀಟರಿನ ಭಯಕ್ಕೆ.

ಕೈ ಅಲುಗಲಿಲ್ಲ ಎಂದುಕೊಳ್ಳೋಣ. ಮುಂದಿನ ಕೆಲಸ ನಳಿಗೆಯದು. ಕುದುರೆ ಒತ್ತಿದಾಗ ಬಿಗಿದಿದ್ದ ಸ್ಪ್ರಿಂಗ್ ಬಿಚ್ಚಿಕೊಂಡು ಒಂದು ಮೊಳೆ ತೋಟೆಯ ಬುಡಕ್ಕೆ ಬಡಿಯುತ್ತದೆ. ಪಾಯಿಂಟ್ ಟೂ ಟೂ ತೋಟೆಯಲ್ಲಿ ಬಡಿದರೆ ಹೊತ್ತುವ ಮದ್ದು ಬುಡದ ಅಂಚಿನ ಸುತ್ತ ಇರುತ್ತದೆ. 12 ಬೋರಿನ ತೋಟೆಯಲ್ಲಿ ಅದು ನಟ್ಟನಡುವೆ, ಸಣ್ಣ ಕೇಪಿನೊಳಗೆ ಇರುತ್ತದೆ. ಆ ಕಿಡಿ ಒಳಗಿನ ಮದ್ದಿಗೆ ತಾಗುತ್ತದೆ. ಮದ್ದು ಬಹಳ ಬೇಗ ಉರಿದು ಬಿಸಿ ಅನಿಲವಾಗಿ, ಹೊರಬರಲು ಬೇರೆ ದಾರಿಯಿಲ್ಲದೆ ಎದುರಿಗಿರುವ ಗುಂಡನ್ನು ನೂಕುತ್ತದೆ. 2.6 ಗ್ರಾಂ ತೂಕದ ಸೀಸದ ಗುಂಡು ನಳಿಗೆಯ ಬಾಯಿ ದಾಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 330 ಮೀಟರ್.

ನೂಕಿದ ಮಾತ್ರಕ್ಕೆ ಗುಂಡು ನೇರ ಹೋಗುವುದಿಲ್ಲ. ಇದು 18ನೆಯ ಶತಮಾನದವರೆಗೂ ಸೈನಿಕರನ್ನು ಕಾಡಿದ ಒಗಟು. ಒಳಗೆ ನುಣುಪಾದ ನಳಿಗೆಯಿಂದ ಹೊರಟ ಉಂಡೆ ಗುಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಿತ್ತು. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ ಇದಕ್ಕೊಂದು ಚಂದದ ಪ್ರಯೋಗ ಮಾಡಿದ. ನಳಿಗೆಯ ತುದಿಯನ್ನು ಬೇಕೆಂದೇ ಎಡಕ್ಕೆ ಬಗ್ಗಿಸಿ, ದಾರಿಯುದ್ದಕ್ಕೂ ತೆಳು ಕಾಗದದ ಪರದೆಗಳನ್ನು ಕಟ್ಟಿ ಗುಂಡು ಹಾರಿಸಿದ. ಹೊರಟದ್ದು ಎಡಕ್ಕೆ. ಆದರೆ ಪರದೆಯ ತೂತುಗಳನ್ನು ನೋಡಿದರೆ ಗುಂಡು ಹೋಗಹೋಗುತ್ತ ಬಲಕ್ಕೆ ತಿರುಗಿತ್ತು! ಬಗ್ಗಿದ ನಳಿಗೆಯ ಬಲಗೋಡೆಗೆ ಉಜ್ಜಿಕೊಂಡು ಬಂದ ಗುಂಡಿಗೆ ಒಂದು ಸುತ್ತು ಸಿಕ್ಕಿತ್ತು, ಆ ಸುತ್ತೇ ಗಾಳಿಯಲ್ಲಿ ಅದನ್ನು ಬಲಕ್ಕೆ ಎಳೆದಿತ್ತು. ಸ್ಪಿನ್ನರ್ ಎಸೆದ ಚೆಂಡು ಗಾಳಿಯಲ್ಲೇ ಪಕ್ಕಕ್ಕೆ ತೇಲುವುದಕ್ಕೂ ಇದೇ ಕಾರಣ. ನುಣುಪು ನಳಿಗೆಯಲ್ಲಿ ಪ್ರತಿ ಗುಂಡೂ ಎಲ್ಲೋ ಒಂದು ಕಡೆ ಉಜ್ಜಿ, ಯಾವುದೋ ಒಂದು ಸುತ್ತನ್ನು ಪಡೆಯುತ್ತದೆ. ಯಾವ ಸುತ್ತು ಎಂದು ಮೊದಲೇ ಹೇಳಲು ಬರುವುದಿಲ್ಲ.

ಇದಕ್ಕೆ ಪರಿಹಾರ, ಸುತ್ತು ಹೇಗಿರಬೇಕೆಂದು ನಾವೇ ನಿಗದಿ ಮಾಡುವುದು. ರೈಫಲ್ಲಿನ ನಳಿಗೆಯ ಒಳಗೋಡೆಯಲ್ಲಿ ತಿರುಪಿನ ಮರೆಯಂತೆ ಸುತ್ತಿಕೊಂಡ ಗೀರುಗಳಿರುತ್ತವೆ. ಮೆತ್ತನೆಯ ಸೀಸ ಆ ಗೀರುಗಳಿಗೆ ಕಚ್ಚಿಕೊಂಡು, ತಿರುಗುತ್ತಲೇ ಮುಂದಕ್ಕೆ ಸಾಗುತ್ತದೆ. ಬುಗುರಿಯನ್ನು ನೆನೆದುಕೊಳ್ಳಿ. ನಿಂತ ಬುಗುರಿ ಒಂದು ಗಳಿಗೆಯೂ ಮೊಳೆಯ ಮೇಲೆ ನಿಲ್ಲಲಾರದು, ತಿರುಗುವ ಬುಗುರಿ ತನ್ನ ಅಕ್ಷವನ್ನು ಬಿಡದು. ಗುಂಡೂ ಹಾಗೆಯೇ ಮೂತಿ ಮುಂದಾಗಿ ಹೋಗುತ್ತದೆ. ಸುತ್ತು ಸಾಗುವ ದಿಕ್ಕಿನ ಅಕ್ಷದಲ್ಲೇ ಇರುವುದರಿಂದ ಪಕ್ಕದ ಎಳೆತವೂ ಇಲ್ಲದಂತಾಗುತ್ತದೆ. ಪಾಯಿಂಟ್ ಟೂ ಟೂ ನಳಿಗೆಯಲ್ಲಿ ಸಾಮಾನ್ಯವಾಗಿ 16 ಇಂಚಿಗೆ ಒಂದು ಸುತ್ತು. ಸೆಕೆಂಡಿಗೆ 330 ಮೀಟರ್ ಓಡುವ ಗುಂಡು ಹಾಗಾದರೆ ಸೆಕೆಂಡಿಗೆ 800ಕ್ಕೂ ಹೆಚ್ಚು, ನಿಮಿಷಕ್ಕೆ 48,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅಡುಗೆಮನೆಯ ಮಿಕ್ಸಿ ಚಟ್ನಿ ರುಬ್ಬುವಾಗ ತಿರುಗುವುದು ನಿಮಿಷಕ್ಕೆ 20,000ದ ಆಸುಪಾಸು.

ಇಷ್ಟಾದರೂ ಭೂಮಿ ಬಿಡುವುದಿಲ್ಲ. 50 ಮೀಟರ್ ದಾಟಲು ಗುಂಡಿಗೆ ಸುಮಾರು 0.16 ಸೆಕೆಂಡ್ ಬೇಕು. ಅಷ್ಟರಲ್ಲಿ ಅದು ಕೈಬಿಟ್ಟ ಕಲ್ಲಿನಂತೆಯೇ 12 ಸೆಂಟಿಮೀಟರಿಗಿಂತ ಹೆಚ್ಚು ಕೆಳಗೆ ಬಿದ್ದಿರುತ್ತದೆ. ನಳಿಗೆಯನ್ನು ಕಾಯಿಯ ನಡುವಿಗೆ ನೇರ ಹಿಡಿದರೆ ಗುಂಡು ಕಾಯಿಗೆ ತಾಗುವುದೇ ಇಲ್ಲ, ಅದರ ಅಡಿಯಿಂದ ಹೋಗುತ್ತದೆ. ಆದ್ದರಿಂದ ಹಿಂದಿನ ಸೀಳನ್ನು ತುಸು ಎತ್ತರಕ್ಕೆ ಕೂರಿಸಿರುತ್ತಾರೆ. ಕಣ್ಣು ಕಾಯಿಯನ್ನು ನೇರ ನೋಡುತ್ತಿದ್ದರೂ ನಳಿಗೆ ಗೊತ್ತಾಗದಷ್ಟು ಮೇಲಕ್ಕೆ ಮುಖ ಮಾಡಿರುತ್ತದೆ. ದೂರ ಎರಡರಷ್ಟಾದರೆ ಬೀಳುವ ಅಳತೆ ನಾಲ್ಕರಷ್ಟನ್ನೂ ಮೀರುತ್ತದೆ. ಹೊಸ ದೂರಕ್ಕೆ ರೈಫಲ್ಲನ್ನು ಮತ್ತೆ ಹೊಂದಿಸಿಕೊಳ್ಳದೆ ಪಂದ್ಯಕ್ಕೆ ಇಳಿಯುವವರು ಇದೇ ಲೆಕ್ಕದಲ್ಲಿ ಸೋಲುತ್ತಾರೆ.

ಕೊಡಗು, ಮಲೆನಾಡಿನ ಮನೆಗಳಲ್ಲಿ ಹೆಚ್ಚಾಗಿ ಕಾಣುವ 12 ಬೋರಿನ ಕೋವಿಯದು ಬೇರೆಯೇ ಜಾತಿ. ಒಂದು ಪೌಂಡ್ ಸೀಸದಲ್ಲಿ ಸಮನಾದ 12 ಉಂಡೆ ಮಾಡಿದರೆ ಒಂದೊಂದೂ ಯಾವ ನಳಿಗೆಗೆ ಸರಿಯಾಗಿ ಕೂರುತ್ತದೋ ಅದು 12 ಬೋರ್. ಅಂದರೆ 18.5 ಮಿಲಿಮೀಟರ್ ವ್ಯಾಸ. ಒಳಗೆ ಗೀರಿಲ್ಲ, ಕನ್ನಡಿಯಂತೆ ನುಣುಪು. ಈ ಕೋವಿ ಹಾರಿಸುವುದು ಚರೆಯನ್ನು, ಒಂದೇ ತೋಟೆಯಲ್ಲಿ ನೂರಾರು ಸಣ್ಣ ಸೀಸದ ಕಾಳುಗಳನ್ನು. ಗೀರಿನ ನಳಿಗೆಯಲ್ಲಿ ಅವನ್ನು ತಿರುಗಿಸಿ ಬಿಟ್ಟರೆ ಕಾಳುಗಳೆಲ್ಲ ಹೊರಕ್ಕೆ ಚಿಮ್ಮಿ, ನಡುವೆ ಟೊಳ್ಳಾದ ಬಳೆಯಾಗಿ ಹರಡುತ್ತವೆ. ಚರೆ ಒಟ್ಟಾಗಿ ಹೋಗಲಿ ಎಂದು ನಳಿಗೆಯ ಬಾಯನ್ನು ತುಸು ಕಿರಿದು ಮಾಡುತ್ತಾರೆ. ಒಂದು ಮಿಲಿಮೀಟರಿನಷ್ಟು ಕಿರಿದಾದರೆ ಸಾಕು, 40 ಗಜದಾಚೆ 30 ಇಂಚಿನ ವೃತ್ತದೊಳಗೆ ಬೀಳುವ ಚರೆಯ ಪಾಲು ಶೇ. 40ರಿಂದ ಶೇ. 70ರ ಹತ್ತಿರಕ್ಕೆ ಏರುತ್ತದೆ. ಇಲ್ಲೂ ಅದೇ ಕತೆ, ಒಂದು ಮಿಲಿಮೀಟರಿನ ಮಹಿಮೆ.

ಹೊಡೆದವರಿಗೆ ಕೋವಿ ತಿರುಗಿ ಒದೆಯುತ್ತದೆ. ನ್ಯೂಟನ್‌ನ ಮೂರನೆಯ ನಿಯಮವನ್ನು ಇಷ್ಟು ಸ್ಪಷ್ಟವಾಗಿ ಕಲಿಸುವ ಪಾಠ ಬೇರೊಂದಿಲ್ಲ. ಸೆಕೆಂಡಿಗೆ 400 ಮೀಟರ್ ವೇಗದಲ್ಲಿ 32 ಗ್ರಾಂ ಚರೆ ಮುಂದೆ ಹೋದರೆ, 3 ಕಿಲೋ ತೂಕದ ಕೋವಿ ಸೆಕೆಂಡಿಗೆ 4 ಮೀಟರಿಗೂ ಹೆಚ್ಚಿನ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಅಷ್ಟೇ ತೂಕದ ಪಾಯಿಂಟ್ ಟೂ ಟೂ ರೈಫಲ್ ಹಿಂದೆ ಬರುವುದು ಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ವೇಗದಲ್ಲಿ. ಹಿಡಿಯನ್ನು ಭುಜಕ್ಕೆ ಒತ್ತಿ ಹಿಡಿದರೆ ಕೋವಿಯ ಜೊತೆ ಮೈಯೂ ಸೇರಿ ಒದೆತವನ್ನು ಹಂಚಿಕೊಳ್ಳುತ್ತದೆ. ಸಡಿಲ ಬಿಟ್ಟರೆ ಭುಜಕ್ಕೆ ಪೆಟ್ಟು ಬೀಳುತ್ತದೆ. ಒದೆತಕ್ಕೆ ಹೆದರಿ ಮೊದಲೇ ಮೈ ಬಿಗಿದುಕೊಂಡರೆ ಆ ಅರ್ಧ ಮಿಲಿಮೀಟರ್ ಅಲ್ಲೇ ಕಳೆದುಹೋಗುತ್ತದೆ.

ಈ ಕೋವಿಗೂ ಕೊಡಗಿಗೂ ಹಳೆಯ ನಂಟು. 1857ರ ದಂಗೆಯ ಬಳಿಕ ಬ್ರಿಟಿಷರು ದೇಶದ ಜನರಿಂದ ಆಯುಧ ಕಿತ್ತುಕೊಳ್ಳುತ್ತಿದ್ದಾಗ, 1861ರಲ್ಲಿ ಕೊಡಗಿನವರಿಗೆ ವಿನಾಯಿತಿ ಸಿಕ್ಕಿತು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿ ಇಂದಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು, ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗ ಒಂದು ಈಡು. ಅಷ್ಟು ಹತ್ತಿರದ ವಸ್ತುವನ್ನು ದೀಪದ ಬಳಿ ಇಟ್ಟು ಹೂ ಮುಡಿಸುವುದರಲ್ಲಿ ನನಗೆ ದೊಡ್ಡ ತಿಳಿವಳಿಕೆ ಕಾಣುತ್ತದೆ. ಆಟಿಕೆಯಂತೆ ಕಾಣುವ ಪಾಯಿಂಟ್ ಟೂ ಟೂ ಗುಂಡು ಅಡ್ಡಿ ಇಲ್ಲದಿದ್ದರೆ ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಕಾಯಿಯ ಹಿಂದೆ ಮಣ್ಣಿನ ದಿಬ್ಬ ಇದೆಯೇ ಎಂದು ನೋಡದೆ ಕುದುರೆಗೆ ಬೆರಳಿಡಬಾರದು. ಕೋವಿಯನ್ನು ಪ್ರೀತಿಸುವವರು ಮೊದಲು ಕಲಿಯಬೇಕಾದ ಪಾಠವೇ ಅದು.

ಮತ್ತೆ ಆ ಎರಡು ಸದ್ದಿಗೆ ಬರೋಣ. ಗುಂಡು ಅಲ್ಲಿಗೆ ತಲುಪಲು 0.16 ಸೆಕೆಂಡ್, ಕಾಯಿ ಒಡೆದ ಸದ್ದು ಇಲ್ಲಿಗೆ ಬರಲು 0.15 ಸೆಕೆಂಡ್. ಎರಡೂ ಸೇರಿ ಸೆಕೆಂಡಿನ ಮೂರನೇ ಒಂದು ಭಾಗಕ್ಕೂ ಕಡಿಮೆ. ಆ ಬಿಡುವಿನಲ್ಲಿ ಗುರಿಕಾರರು ಮಾಡಬಹುದಾದದ್ದು ಏನೂ ಉಳಿದಿಲ್ಲ. ಉಸಿರು, ಬೆರಳು, ಮಣಿ, ಹಿಂದಿನ ದಿಬ್ಬ, ಎಲ್ಲದರ ತೀರ್ಮಾನವೂ ಮೊದಲ ಸದ್ದಿಗೆ ಮುಂಚೆಯೇ ಆಗಿ ಹೋಗಿರುತ್ತದೆ.